ಬೆಂಚಿನ ತುದಿ

“ಕೋಲ್ಬಿ ಮತ್ತೆ ಚೆಂಡು ಬಿಟ್ಟ! ಥೂ, ಅದೇನು ಕೈಯಾ, ಗೋಣಿಚೀಲಾನಾ?”

ಹಾರ್ಲನ್ ಪೀಟ್ ಮೈಕು ಆರಿಸಿ, ತಂತಿ ಯಂತ್ರದಿಂದ ಬಂದ ಕಾಗದವನ್ನು ಮುದುರಿ ಎಸೆದ. ಊರಿನ ತಂಡದ ಮೂರನೆಯ ತಪ್ಪು, ಕೋಲ್ಬಿಯದೇ ಎರಡು. ಹೇಸಿಗೆಯಾಯಿತು.

ಆಟ ನಡೆಯುತ್ತಿದ್ದದ್ದು ಇನ್ನೂರು ಮೈಲಿ ಆಚೆ. ಹಾರ್ಲನ್ ಕೂತಿದ್ದದ್ದು ಜಾರ್ಜಿಯಾದ ಕಾಲ್ಡರ್ ಊರಿನ ರೇಡಿಯೋ ಕೋಣೆಯಲ್ಲಿ. 1953ರಲ್ಲೂ ಬೇಸ್‌ಬಾಲ್ ತಂಡ ಬೇರೆ ಊರಿಗೆ ಹೋದರೆ ಅವನ ಕಸುಬು ಹೀಗೇ: ತಂತಿಯಲ್ಲಿ ನಾಲ್ಕು ಪದ ಬರುತ್ತಿತ್ತು, ಅವನು ನಲವತ್ತು ಮಾಡಿ ಹೇಳುತ್ತಿದ್ದ. ಮರದ ಡಬ್ಬಿಗೆ ಪೆನ್ಸಿಲ್ ಬಡಿದರೆ ಬ್ಯಾಟಿನ ಸದ್ದು. ಗ್ರಾಮಫೋನ್ ತಿರುಗಿಸಿದರೆ ಜನರ ಕೂಗು. ಅವನು ಕಣ್ಣಾರೆ ಕಂಡು ಹೇಳುತ್ತಿದ್ದಾನೆಂದು ಊರು ನಂಬಿತ್ತು.

ಚೆಂಡೆಸೆಯುತ್ತಿದ್ದವನು ಟಾಲಿವರ್, ಹತ್ತು ದಿನದ ಹಿಂದೆ, ಪ್ರವಾಸದ ನಡುವೆ ಸೇರಿದ ಹೊಸಬ. ಹಾರ್ಲನ್ ಅವನ ಮುಖ ನೋಡಿರಲಿಲ್ಲ. ಮಂಗಳವಾರ ಸೋತಿದ್ದ, ಇವತ್ತೂ ಸೋತರೆ ತಂಡದಿಂದ ತೆಗೆಯುವುದಾಗಿ ಮಾಲೀಕರು ಹೇಳಿದ್ದರು. ಒಂಬತ್ತು ಇನಿಂಗ್ಸಿನಲ್ಲಿ ಏಳು ಮುಗಿದಿತ್ತು. ಎದುರಾಳಿಗಳ ಒಂದು ಹೊಡೆತವೂ ಸರಿಯಾಗಿ ಬಿದ್ದಿರಲಿಲ್ಲ. ಅಂಕಪಟ್ಟಿಯಲ್ಲಿ ‘ಹೊಡೆತ’ದ ಕೆಳಗೆ ಸೊನ್ನೆ; ತಂಡದವರ ತಪ್ಪು ಅದರಲ್ಲಿ ಸೇರದು. ಇಂಥ ಸೊನ್ನೆ ಎಸೆತಗಾರನ ಬದುಕಿನಲ್ಲಿ ಒಮ್ಮೆ ಬಂದರೆ ಹೆಚ್ಚು.

ಕೋಣೆ ಗುಡಿಸುವ ಡೆಲ್ಫಿ, ಜೇನು ಬೆರೆಸಿದ ಬಿಸಿನೀರಿನ ಲೋಟವನ್ನು ಸದ್ದಾಗದಂತೆ ಅವನ ಕೈಬಳಿ ಇಟ್ಟಳು. ಅವನ ಗಂಟಲು ಕಟ್ಟುವ ಹೊತ್ತು ಒಂಬತ್ತು ವರ್ಷದಿಂದ ಅವಳಿಗೆ ಗೊತ್ತು. ಹೋಗಲಿಲ್ಲ, ಪೊರಕೆ ಹಿಡಿದು ಬಾಗಿಲ ಬಳಿ ನಿಂತಳು.

“ಬೆಂಚಿನ ಮೇಲೆ ಟಾಲಿವರ್ ಪಕ್ಕ ಯಾರಾದ್ರೂ ಕೂತಿದ್ದಾರಾ, ಸಾರ್?”

ತಂತಿಯಲ್ಲಿ ಬಂದಿತ್ತು: ಟಾಲಿವರ್ ಬೆಂಚಿನ ತುದಿ. ಒಬ್ಬನೇ. ಮಾತಿಲ್ಲ.

“ಕೂರಬಾರ್ದು ಕಣೆ! ಸೊನ್ನೆ ನಡೀತಿರೋವಾಗ ಮಾತಾಡ್ಸಿದ್ರೆ ದೃಷ್ಟಿ ಆಗುತ್ತೆ. ಆಟಗಾರರ ನೇಮ ಅದು. ಪ್ರೀತಿ.”

“ಪ್ರೀತಿನಾ,” ಎಂದಳು ಡೆಲ್ಫಿ.

ಹಾರ್ಲನ್ ಮೈಕು ಹಾಕಿದ. “ಗೆಳೆಯರ ಮೌನ ನೋಡಿ, ಮಹನೀಯರೇ! ಕಣ್ಣಲ್ಲೇ ಹರಸ್ತಿದ್ದಾರೆ!”

ಒಂಬತ್ತನೆಯ ಇನಿಂಗ್ಸ್. ಎರಡೂ ಕಡೆ ಓಟವಿಲ್ಲ. ಓಟಕ್ಕೆ ಕೊನೆಯ ಮೆಟ್ಟಿಲಾದ ಮೂರನೇ ಬೇಸಿನಲ್ಲಿ ಎದುರಾಳಿಯೊಬ್ಬ ಕಾದಿದ್ದ. ಚೆಂಡು ಉರುಳುತ್ತ ನೇರ ಕೋಲ್ಬಿಯ ಕೈಗೆ ಹೋಯಿತು. ಕೋಲ್ಬಿ ಅದನ್ನು ಎತ್ತಿ ಪ್ರೇಕ್ಷಕರ ನಡುವೆ ಎಸೆದ. ಮೂರನೇ ಬೇಸಿನವನು ನಡೆದುಕೊಂಡೇ ಬಂದು ಓಟ ಪೂರೈಸಿದ.

ಹೊಡೆತ ಸೊನ್ನೆ. ತಪ್ಪು ನಾಲ್ಕು. ಸೋಲು.

ಹಾರ್ಲನ್ ಮೈಕನ್ನೂ ಗ್ರಾಮಫೋನಿನ ಕೂಗನ್ನೂ ಆರಿಸಿದ. “ಕೈಗೆ ಬಂದ ಚೆಂಡು! ಬಡ್ಡಿಮಗ, ಆ ಹುಡುಗನ ಅನ್ನ ಕಿತ್ಕೊಂಡ. ವರ್ಷಪೂರ್ತಿ ಇದೇ ಹಣೆಬರಹ ಇರ್ಬೇಕು ಇವನ್ದು.”

“ಪುಸ್ತಕ ತೆಗೆದು ನೋಡಿ, ಸಾರ್.”

ದಾಖಲೆಯ ಪುಸ್ತಕ ತೆರೆದ. ಆ ವರ್ಷ ಕೋಲ್ಬಿ ಅರವತ್ತೆರಡು ಆಟ ಆಡಿದ್ದ. ತಪ್ಪು ಒಟ್ಟು ಐದು. ಎರಡು ಮಂಗಳವಾರ, ಮೂರು ಇವತ್ತು. ಎರಡೂ ದಿನ ಎಸೆದವನು ಟಾಲಿವರ್.

ಬೆರಳು ಆ ಸಾಲಿನ ಮೇಲೇ ನಿಂತಿತು. “ನಿಂಗೆ ಹೇಗೆ ಗೊತ್ತು?”

“ಕಾಗದ ಬರ್ದಿದ್ದ. ಸೇರಿದ ದಿನದಿಂದ ಆ ಬಿಳಿಯರು ಯಾರೂ ಪಕ್ಕ ಕೂತಿಲ್ಲ, ನೀರಿನ ಲೋಟಾನೂ ಬೇರೆ ಇಟ್ಟಿದ್ದಾರೆ ಅಂತ.” ಡೆಲ್ಫಿಯ ಕಪ್ಪು ಕೈ ಖಾಲಿ ಲೋಟವನ್ನು ಎತ್ತಿಕೊಂಡಿತು. “ಟಾಲಿವರ್ ನನ್ನ ಮಗ, ಸಾರ್. ನನ್ನ ಮನೆತನದ ಹೆಸರು ನೀವು ಯಾವತ್ತೂ ಕೇಳ್ಲಿಲ್ಲ.”

ಹಾರ್ಲನ್ನನ ಪಕ್ಕದಲ್ಲೇ ಇನ್ನೊಂದು ಕುರ್ಚಿಯಿತ್ತು. ಒಂಬತ್ತು ವರ್ಷದಿಂದ ಖಾಲಿ.