ಎರಡನೆಯ ಸಾಕ್ಷಿ

“ಇನ್ನೊಬ್ಬ ಸಾಕ್ಷಿ ಸಿಕ್ಕರೆ ನಾಳೆ ಹಬ್ಬ” ಎಂದರು ಮಸೀದಿಯ ಹಜರತ್ತರು.

ರಂಜಾನಿನ ಇಪ್ಪತ್ತೊಂಬತ್ತನೆಯ ರೋಜಾ ಉಪವಾಸ ಮುಗಿದ ಸಂಜೆ. ಸಾಗರ ಪೇಟೆಯ ಮೇಲೆಲ್ಲ ಮೋಡ. ಮೋಡದ ಸಂದಿಯಲ್ಲಿ ಚಂದ್ರನನ್ನು ಕಂಡವರು ಬಾಂಗು ಕೂಗುವ ಚಮನ್ ಸಾಬರು ಒಬ್ಬರೇ. ಇಬ್ಬರು ಕಂಡೆವೆಂದು ಹೇಳದೆ ಹಬ್ಬವಿಲ್ಲ, ಇನ್ನೊಂದು ದಿನ ಉಪವಾಸ. ಮಸೀದಿಯ ಅಂಗಳಕ್ಕೆ ತೆರೆದ ತನ್ನ ಅಡುಗೆಮನೆಯ ಕಿಟಕಿಯಲ್ಲಿ ಹಾಜಿರಾ ನಿಂತು ಕೇಳುತ್ತಿದ್ದಳು.

ಮಸೀದಿಯ ಆಡಳಿತ ನೋಡುವ ಮುತವಲ್ಲಿ ಬುಡನ್ ಸಾಹೇಬರು ಹಬ್ಬಕ್ಕೆಂದು ಎರಡು ಕುರಿ ತಂದು ಕಟ್ಟಿದ್ದರು. ಕಟುಕ ಕತ್ತಿ ಮಸೆದು ಕೂತಿದ್ದ. ಸಾಹೇಬರ ಕಣ್ಣು ಹಾಜಿರಾಳ ಅಣ್ಣ ದಸ್ತಗೀರನ ಮೇಲೆ ಬಿತ್ತು.

“ಏನೋ ದಸ್ತಗೀರ್, ನೀನೂ ಆಗ ಹೊರಗೇ ಇದ್ಯಲ್ಲ? ನೋಡಿರ್ತೀಯ ಬಿಡು. ಹಬ್ಬ ಕಳೀಲಿ, ಲಿಂಗನಮಕ್ಕಿ ಅಣೆಕಟ್ಟಿಗೆ ಓಡೋ ನನ್ನ ಲಾರೀಲಿ ಕ್ಲೀನರ್ ಕೆಲ್ಸ ನಿಂದೇ.”

ಆ ಕೆಲಸಕ್ಕಾಗಿ ಅವನು ಒಂದು ವರ್ಷದಿಂದ ಅವರ ಮನೆ ಬಾಗಿಲು ಸವೆಸಿದ್ದ. ಸುಳ್ಳಂತೂ ಅವನಿಗೆ ನೀರು ಕುಡಿದಷ್ಟು ಸಲೀಸು. ಹುಲಿಯ ಬಾಲ ಹಿಡಿದು ಎಳೆದೆ ಎಂದವನು. ಅಂಥವರಿಗೆಂದೇ ಹಜರತ್ತರು ದಿನಾ ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ಪ್ರಾಯದ ಹುಡುಗರನ್ನು ಕೂರಿಸಿಕೊಂಡು, ಅಂದು ಕಂಡದ್ದನ್ನು ಕಂಡಷ್ಟೇ ಹೇಳಿಸುತ್ತಿದ್ದರು. ಒಗ್ಗರಣೆ ಸೇರಿಸಿದವನು ಕೈಕಾಲು ತೊಳೆಯುವ ಹೌಜಿಗೆ ಹತ್ತು ಕೊಡ ನೀರು ಹೊರಬೇಕು. ದಸ್ತಗೀರ್ ಬರತೊಡಗಿದ ಆರು ತಿಂಗಳಿಂದ ಹೌಜು ಬತ್ತಿರಲಿಲ್ಲ.

ಹೊತ್ತು ಮುಳುಗಿದಾಗ ಅಣ್ಣ ತನ್ನೆದುರೇ ಕೂತು ಗಂಜಿ ಕುಡಿಯುತ್ತಿದ್ದ. ಅದು ಹಾಜಿರಾಳಿಗೆ ಮಾತ್ರ ಗೊತ್ತು.

ಹಜರತ್ತರು ದಿನಾ ಕೇಳುವಂತೆಯೇ ಕೇಳಿದರು. “ಏನು ಕಂಡೆ ಬೇಟಾ?”

ದಸ್ತಗೀರ್ ಲಾರಿಯ ಯಜಮಾನರನ್ನು ನೋಡಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ಗಂಜಿ ಕಂಡೆ ಹಜರತ್. ಮನೆ ಒಳಗಿದ್ದೆ. ಗಂಜೀಲಿ ಎರಡು ತುಂಡು ಮಾಂಸ ಇತ್ತು.” ಸ್ವಲ್ಪ ಯೋಚಿಸಿ ತಿದ್ದಿದ. “ಇಲ್ಲ, ಒಂದೇ ತುಂಡು.”

ಕಟುಕ ಮಸೆದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ.

“ಬೇಡದ ದಿನ ಹುಲಿ ಹಿಡೀತಾನೆ, ಬೇಕಾದ ದಿನ ಚಂದ್ರ ಕಾಣಲ್ಲ ಇವನಿಗೆ!” ಬುಡನ್ ಸಾಹೇಬರು ಶಾಲು ಕೊಡವಿ ಎದ್ದರು. “ಲಾರಿ ಮಾತು ಮರೆತ್ಬಿಡು. ನಾಳೆ ಬಂದು ಆ ಕುರಿಗಳಿಗೆ ನೀನೇ ಸೊಪ್ಪು ಹಾಕು.”

ಮರುದಿನ, ಮೂವತ್ತನೆಯ ರೋಜಾದ ಮಧ್ಯಾಹ್ನ, ಹಾಜಿರಾ ನೀರಿಗೆ ಹೋಗುವಾಗ, ಬುಡನ್ ಸಾಹೇಬರು ಒಣಗಿದ ತುಟಿಯಲ್ಲಿ ತಮ್ಮ ಮನೆಯ ಜಗಲಿಗೆ ಒರಗಿದ್ದರು. ಅಂಗಳದಲ್ಲಿ ದಸ್ತಗೀರ್ ಹಲಸಿನ ಕೊಂಬೆ ಹಿಡಿದು ನಿಂತಿದ್ದ. ಕುರಿಗಳು ಅವಸರವಿಲ್ಲದೆ ಸೊಪ್ಪು ತಿನ್ನುತ್ತಿದ್ದವು. ಇಡೀ ಮೊಹಲ್ಲಾದಲ್ಲಿ ಆ ಹೊತ್ತು ಬಾಯಾಡಿಸುತ್ತಿದ್ದದ್ದು ಅವೆರಡೇ.