ಬಿಟ್ಟುಹೋದ ಮೂಲೆ

ಯಂತ್ರಗಳ ವಿನ್ಯಾಸ ಪರೀಕ್ಷಿಸಲು ತಾನೇ ಬರೆದ ಪ್ರೋಗ್ರಾಮಿನಲ್ಲಿ ಆ ಸಾಲು ಕಂಡಾಗ ಇಂಜಿನಿಯರ್ ವಿದ್ಯಾವತಿ ಅದನ್ನು ಎರಡೆರಡು ಸಲ ಓದಿದಳು. ಯಾವುದಾದರೂ ಭಾಗದ ಬಲದ ಲೆಕ್ಕ ಕೂಡಿಬರದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಲಿ ಎಂದು, ಕೆಲಸ ಬೇಗ ಮುಗಿಯಲೆಂದು ಬರೆದಿದ್ದ ಸಾಲು ಅದು. ಮುರಿದುಬಿದ್ದ ಕಬ್ಬಿನ ಗಾಣದ ಚೌಕಟ್ಟಿನ ಮೂಲೆಯನ್ನು ಕಂಪ್ಯೂಟರ್ ಪರೀಕ್ಷಿಸಿಯೇ ಇರಲಿಲ್ಲ. ‘ವಿನ್ಯಾಸ ಸರಿ ಇದೆ’ ಎಂಬ ಅದರ ವರದಿ ನಂಬಿ, ತಪ್ಪು ಬೆಸುಗೆಯದೇ ಎಂದು ಹಳಿಯಾಳದ ವರ್ಕ್‌ಶಾಪಿನ ಮಾಲೀಕರು ವೆಲ್ಡರ್ ಜ್ಯೋತಿಬಾನನ್ನು ಕೆಲಸದಿಂದ ಬಿಡಿಸಿ ಆರು ತಿಂಗಳಾಗಿತ್ತು.

ಮಾಲೀಕರಿಗೆ ಎಲ್ಲ ಹೇಳಿ, ಕುಂಬಾರವಾಡದ ಅವನ ಮನೆಗೆ ತಾನೇ ಹೋದಳು.

“ತಪ್ಪು ನಂದು, ಜ್ಯೋತಿಬಾ ಅಣ್ಣಾ. ನಿಮ್ಮ ವೆಲ್ಡಿಂಗ್ ಛಲೋನ ಇತ್ತು. ಕೆಲಸಕ್ಕ ವಾಪಸ್ ಬರ್ರಿ.”

ಜ್ಯೋತಿಬಾ ತನ್ನ ಕೈಗಳನ್ನೇ ನೋಡಿಕೊಂಡ.

“ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ, ತಪ್ಪು ನನ್ನ ಕೈದ ಅಂತ ನಾನೂ ನಂಬಿದ್ನಿರಿ, ಅಕ್ಕಾರ. ಈಗ ವೆಲ್ಡಿಂಗ್ ಮಾಡಾಕ ಕುಂತ್ರ ಕೈ ನಡಗ್ತಾವ್ರಿ.”