ಕೊನೆಯ ಹದಿನಾರು ಪುಟ

ವಿಡಿಯೋ ಹಾಕಿ ಹತ್ತು ನಿಮಿಷವಾಗಿತ್ತು. ಪ್ರಕಾಶಕರ ಕರಾರಿನಲ್ಲಿ ಇದ್ದದ್ದು ಎರಡೇ ಮಾತು: ಪುಸ್ತಕ ಪೂರ್ತಿ ಓದಿರಬೇಕು, ಇದು ಜಾಹೀರಾತು ಎಂದು ಹೇಳಬೇಕು. ಪುಸ್ತಕ ಪರಿಚಯಿಸುವ ಹುಡುಗಿ ಎರಡನ್ನೂ ಗಾಳಿಗೆ ತೂರಿ, ಕಣ್ಣೊರೆಸಿಕೊಳ್ಳುತ್ತಾ ಮಾತಾಡಿದ್ದಳು. ಈಗ ಆ ಪುಸ್ತಕ ಬರೆದ ಹಿರಿಯ ಲೇಖಕರ ಫೋನ್ ಬಂತು.

“ಬೇಜಾರಾಗ್ಬೇಡಮ್ಮ. ನಿನಗೆ ಕಳಿಸಿದ ಪ್ರತಿಯಲ್ಲಿ ಕೊನೇ ಹದಿನಾರು ಪುಟ ಅಚ್ಚೇ ಆಗಿಲ್ವಂತೆ. ಬೇರೆ ಪ್ರತಿ ಬರ್ತಿದೆ. ಅದನ್ನ ಓದೋವರೆಗೂ ಏನೂ ಹಾಕ್ಬೇಡ.”

ಅವಳು ಪುಸ್ತಕದ ಹಿಂಭಾಗವನ್ನು ಮೊದಲ ಸಲ ತೆರೆದಳು. ಹಾಳೆಗಳಲ್ಲಿ ಒಂದಕ್ಷರವೂ ಇರಲಿಲ್ಲ. “ಆಯ್ತು ಸಾರ್” ಎನ್ನುತ್ತಲೇ ವಿಡಿಯೋ ಅಳಿಸಲು ಹೊರಟಳು.

“ಒಂದ್ನಿಮಿಷ ಇರು. ನಮ್ಮನೆಯವಳು ಮೊಬೈಲಲ್ಲಿ ಅದೇನೋ ತೋರಿಸ್ತಿದ್ದಾಳೆ.”

ಆ ಕಡೆಯಿಂದ ಹುಡುಗಿಯದೇ ದನಿ ಬಿಕ್ಕುತ್ತಾ ಕೇಳಿಸಿತು: “ಕೊನೇ ಪುಟ ಓದಿ ಅತ್ತೇಬಿಟ್ಟೆ ಕಣ್ರೀ…”